ಫೋನಿಗೆ ಬಂದ ಕಾಯ್ದೆ, ಕಾರವಾರಕ್ಕೆ ಬಾರದ ಕಾಯ್ದೆ

ಕಾರವಾರದಲ್ಲಿ ಬಾಡಿಗೆ ಮನೆ ಸಿಗುವುದು ಈಗ ಮೊದಲಿನಷ್ಟು ಸುಲಭವಲ್ಲ. ಒಂದು ಕಡೆ ಸೀಬರ್ಡ್ ನೌಕಾನೆಲೆಯ ಕೆಲಸ, ಇನ್ನೊಂದು ಕಡೆ ಕೈಗಾದ ಹೊಸ ಘಟಕಗಳು, ಊರೊಳಗೆ ಮೆಡಿಕಲ್ ಕಾಲೇಜು. ಗುತ್ತಿಗೆದಾರರು ಐದಾರು ಜನ ಕೆಲಸಗಾರರಿಗೆ ಅಂತ ಒಂದು ಮನೆ ಹಿಡಿಯುತ್ತಾರೆ. ಓನರ್ ಕೇಳಿದಷ್ಟು ಕೊಡುತ್ತಾರೆ, ತಲೆಗೆ ಹಂಚಿದರೆ ಅವರಿಗೆ ಕಮ್ಮಿಯೇ. ಒಂದೂವರೆ ಸಂಬಳದಲ್ಲಿ ಸಂಸಾರ ನಡೆಸುವ ನಮ್ಮಂಥವರು ಅವರ ಎದುರು ಹರಾಜು ಕೂಗಲು ಆಗುತ್ತದಾ? ಆ ಅರ್ಧ ಸಂಬಳ ನನ್ನದು. ಖಾಸಗಿ ಶಾಲೆಯ ಟೀಚರ್.

ಊರು ಅಂಕೋಲಾ ತಾಲೂಕಿನ ಒಳಗಿನ ಒಂದು ಹಳ್ಳಿ. ಮದುವೆಯಾದ ಮೇಲೆ ಕಾರವಾರಕ್ಕೆ ಬಂದು ನಂದನಗದ್ದಾದಲ್ಲಿ ಮಹಡಿ ಮೇಲಿನ ಮನೆ ಹಿಡಿದೆವು. ಕೆಳಗೆ ಓನರ್ ಸಂಸಾರ. ಬಾಡಿಗೆ 9 ಸಾವಿರ, ಡಿಪಾಸಿಟ್ 50 ಸಾವಿರ. ಮೊದಲ ವರ್ಷ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿದ್ದು, ಆಮೇಲೆ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಸಂಬಂಧ ಚೆನ್ನಾಗಿತ್ತು. ಚೌತಿಗೆ ಅವರ ಮನೆಯ ನೇವ್ರಿ ಮೇಲೆ ಬರುತ್ತಿತ್ತು, ಮೇ ತಿಂಗಳಲ್ಲಿ ನಮ್ಮೂರಿನ ಕರಿ ಇಶಾಡು ಮಾವು ಕೆಳಗೆ ಹೋಗುತ್ತಿತ್ತು. ಹೀಗಿದ್ದಾಗ ಕಾಗದಪತ್ರದ ಮಾತು ತೆಗೆಯುವುದೇ ಒಂಥರಾ ಸಂಕೋಚ.

ದೀಪಾವಳಿ ಮುಗಿದ ಮೇಲೆ ಓನರ್ ಮೇಲೆ ಬಂದರು. ಚಾ ಬೇಡ ಅಂದರು. ಆಗಲೇ ಏನೋ ಇದೆ ಅನಿಸಿತು.

"ಅಕ್ಕೋರೇ, ತಪ್ಪು ತಿಳ್ಕೊಬೇಡಿ. ಈ ತಿಂಗಳ ಕೊನೆಗೆ ಮನೆ ಬಿಟ್ಟುಕೊಡಬೇಕಾಗ್ತದೆ. ನಮಗೇ ಬೇಕಾಗಿದೆ."

ನಮ್ಮ ಜಿಲ್ಲೆಯಲ್ಲಿ ಟೀಚರ್ ಅಂದರೆ ಎಲ್ಲರಿಗೂ ಅಕ್ಕೋರು. ಗೌರವಕ್ಕೇನೂ ಕೊರತೆ ಇರಲಿಲ್ಲ. ಆದರೆ ಮಗಳು ಏಳನೇ ಕ್ಲಾಸು, ನಡುವರ್ಷ, ಪರೀಕ್ಷೆ ಮಾರ್ಚ್‌ನಲ್ಲಿ. "ಏಪ್ರಿಲ್ ತನಕ ಬಿಡಿ" ಅಂದೆ. ಅವರು ನೆಲ ನೋಡುತ್ತಾ "ನೋಡುವಾ" ಅಂದು ಇಳಿದು ಹೋದರು. ನೋಡಿದ್ದು ಬೇರೆಯವರು. ಆ ವಾರವೇ ಇಬ್ಬರು ಗಂಡಸರು ಟೇಪು ಹಿಡಿದುಕೊಂಡು ಬಂದು, ಹಾಲ್‌ನಲ್ಲಿ ಎಷ್ಟು ಮಂಚ ಹಿಡಿಯುತ್ತದೆ ಅಂತ ಅಳೆದರು. ಮನೆಯಲ್ಲಿ ಆಗ ನಮ್ಮ ಅತ್ತೆ ಮತ್ತು ಮಗಳು ಮಾತ್ರ ಇದ್ದರು. ಓನರ್ ಜೊತೆಗೇ ಬಂದಿದ್ದರಿಂದ ಅತ್ತೆ ಬಾಗಿಲು ತೆಗೆದಿದ್ದರು. ಮನೆ ಯಾರಿಗೆ ಬೇಕಾಗಿದೆ ಅನ್ನುವುದು ಅಲ್ಲಿಗೆ ಗೊತ್ತಾಯಿತು.

ಸರಿಯಾಗಿ ಅದೇ ಹೊತ್ತಿಗೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಭಾವ ಒಂದು ಮೆಸೇಜ್ ಹಾಕಿದರು. "ಬಾಡಿಗೆದಾರರಿಗೆ ಸಿಹಿಸುದ್ದಿ! ಹೊಸ ಬಾಡಿಗೆ ನಿಯಮ 2025!" ಡಿಪಾಸಿಟ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಮನೆಯೊಳಗೆ ಬರಲು ಓನರ್ 24 ಗಂಟೆ ಮೊದಲೇ ತಿಳಿಸಬೇಕು. ನೀರು, ಕರೆಂಟು ಕಡಿಯುವಂತಿಲ್ಲ. ಏಕಾಏಕಿ ಖಾಲಿ ಮಾಡಿಸುವಂತಿಲ್ಲ. ಇಡೀ ದೇಶಕ್ಕೆ ಅನ್ವಯ. ಕೆಳಗೆ ಒಂದು ತಕ್ಕಡಿ ಚಿತ್ರ, ಒಂದು ಮನೆ ಚಿತ್ರ, ಕೈಮುಗಿಯುವ ಚಿತ್ರ.

ಯಜಮಾನರು ಓದಿ, "ಇದನ್ನೇ ಪ್ರಿಂಟ್ ತೆಗೆಸಿ ಕೊಡೋಣ" ಅಂದರು. ನನಗೆ ಅಷ್ಟು ಧೈರ್ಯ ಬರಲಿಲ್ಲ. ಕಾಯ್ದೆ ಅಂದ ಮೇಲೆ ಅದಕ್ಕೊಂದು ಹೆಸರು, ಒಂದು ಇಸವಿ, ಕಲಮುಗಳ ನಂಬರು ಇರಬೇಕಲ್ವಾ? ಈ ಮೆಸೇಜಿನಲ್ಲಿ ಇಸವಿ ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳು ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ನಾನು ಅರ್ಧ ಮಾರ್ಕೂ ಹಾಕುವುದಿಲ್ಲ.

ಹುಡುಕಿದೆ. ಮೆಸೇಜಿನಲ್ಲಿದ್ದ ಅಂಶಗಳಲ್ಲಿ ಹೆಚ್ಚಿನವು ಸುಳ್ಳಲ್ಲ, ಬೇರೆ ಕಡೆಯಿಂದ ಎತ್ತಿದ್ದು. ಮೂಲ ಇರುವುದು ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕೇಂದ್ರ ಸಚಿವ ಸಂಪುಟ ಅದನ್ನು ಒಪ್ಪಿದ್ದು 2021ರ ಜೂನ್ 2ರಂದು. 2025ರದ್ದಲ್ಲ. ಅದು ನೇರವಾಗಿ ಜಾರಿಗೆ ಬರುವ ಕಾಯ್ದೆಯೂ ಅಲ್ಲ. ಸಂವಿಧಾನದ ಪ್ರಕಾರ ಜಮೀನು, ಮನೆಮಾಲೀಕ ಮತ್ತು ಬಾಡಿಗೆದಾರರ ಸಂಬಂಧ ಎಲ್ಲ ರಾಜ್ಯಗಳ ಪಟ್ಟಿಯಲ್ಲಿ ಬರುತ್ತದೆ. ಕೇಂದ್ರ ಒಂದು ನಮೂನೆ ಮಾಡಿ, "ಬೇಕಾದರೆ ನಿಮ್ಮಲ್ಲಿ ಹೀಗೆ ಕಾನೂನು ಮಾಡಿಕೊಳ್ಳಿ" ಅಂತ ರಾಜ್ಯಗಳಿಗೆ ಕಳಿಸಿದೆ, ಅಷ್ಟೇ. ಉತ್ತರ ಪ್ರದೇಶ, ಅಸ್ಸಾಂ 2021ರಲ್ಲೇ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ, ತನ್ನದೇ ಒಂದು ಮಾಡಿತ್ತು. ನಮ್ಮ ಕರ್ನಾಟಕ ಈ ನಮೂನೆಯನ್ನು ಕಾಯ್ದೆ ಮಾಡಿಕೊಂಡಿಲ್ಲ.

ಆದರೂ ಕೂತು ಪೂರ್ತಿ ಓದಿದೆ. ಸಚಿವಾಲಯದ ಇಂಗ್ಲಿಷ್ ಪ್ರತಿ, ಒಂದು ವಾಕ್ಯ ಅರ್ಧ ಪುಟ. ಆದರೆ ಒಳಗಿರುವ ವಿಚಾರ ಚೆನ್ನಾಗಿದೆ. ಬರವಣಿಗೆಯಲ್ಲಿ ಒಪ್ಪಂದ ಇರಲೇಬೇಕು, ಎರಡು ತಿಂಗಳೊಳಗೆ ಅದನ್ನು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಡಿಪಾಸಿಟ್ ವಾಸದ ಮನೆಗೆ ಎರಡು ತಿಂಗಳು, ಅಂಗಡಿಗೆ ಆರು ತಿಂಗಳು. ಯಾವ ರಿಪೇರಿ ಯಾರದ್ದು ಅಂತ ಪಟ್ಟಿಯೇ ಇದೆ. ಗೋಡೆಯ ಸುಣ್ಣಬಣ್ಣ, ಪೈಪು ಬದಲಿಸುವುದು, ವೈರಿಂಗ್ ಎಲ್ಲ ಓನರ್‌ದು. ನಲ್ಲಿಯ ವಾಷರು, ಸ್ವಿಚ್ಚು, ಬಾಗಿಲ ಚಿಲಕ, ಕಿಟಕಿಯ ಗಾಜು ಬಾಡಿಗೆದಾರರದು. ಭಾವನ ಮೆಸೇಜಿನಲ್ಲಿ ಇಲ್ಲದ ಒಂದು ಮಾತೂ ಅದರಲ್ಲಿ ಇತ್ತು. ಅವಧಿ ಮುಗಿದ ಮೇಲೂ ಮನೆ ಬಿಡದೆ ಕೂತರೆ ಮೊದಲ ಎರಡು ತಿಂಗಳು ಬಾಡಿಗೆಯ ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಕೊಡಬೇಕು. ಸಿಹಿಸುದ್ದಿ ಹಂಚುವವರು ಇಂಥದ್ದನ್ನು ಯಾಕೆ ಬಿಡುತ್ತಾರೋ!

ಹಾಗಾದರೆ ಕಾರವಾರದಲ್ಲಿ ನನಗೆ ಅನ್ವಯಿಸುವುದು ಯಾವುದು? ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, 2001ರ ಡಿಸೆಂಬರ್ 31ಕ್ಕೆ ಜಾರಿಗೆ ಬಂದದ್ದು. ಅದನ್ನು ಓದಿ ಖುಷಿಯಾಯಿತು. ಸರಿಯಾದ ಕಾರಣ ಕೊಡದೆ ಬಿಡಿಸಲಾಗದು ಅಂತೆಲ್ಲ ಇದೆ. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳು ಆ ಕಾಯ್ದೆಯಿಂದ ಹೊರಗೆ. ಇವತ್ತು ಕಾರವಾರದಲ್ಲಿ 2,000ಕ್ಕೆ ಏನು ಸಿಗುತ್ತದೆ? ಬೈಕ್ ನಿಲ್ಲಿಸಲು ಶೆಡ್ ಸಿಕ್ಕರೆ ಪುಣ್ಯ. ಇಷ್ಟು ವರ್ಷಕ್ಕೊಮ್ಮೆ ಈ ಮೊತ್ತ ಏರಿಸಬೇಕು ಅಂತ ಯಾರಿಗೂ ಅನಿಸಲಿಲ್ಲವೋ, ಬೇಕಂತಲೇ ಬಿಟ್ಟರೋ. ಅಂತೂ ಬಾಡಿಗೆದಾರರ ಹೆಸರಿನಲ್ಲಿರುವ ಕಾಯ್ದೆ ನಮ್ಮಂಥ ಬಾಡಿಗೆದಾರರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಇಷ್ಟು ನಾನೇ ಓದಿ ತಿಳಿದದ್ದು. ಮುಂದಿನದ್ದನ್ನು ಯಾರನ್ನಾದರೂ ಕೇಳಲೇಬೇಕಿತ್ತು. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು, "ವಕೀಲರಿಗೆ ದುಡ್ಡು ಯಾಕೆ ಹಾಕ್ತೀರಿ? ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಫ್ರೀ" ಅಂದರು. ನಾನು ಅದು ಬಡವರಿಗೆ ಮಾತ್ರ ಅಂದುಕೊಂಡಿದ್ದೆ. ಹಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ನೆರವು. ಉಳಿದವರಿಗೆ ಮಾತ್ರ ಆದಾಯದ ಮಿತಿ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಾನು ನೇರವಾಗಿ ಹೋದೆ. ಅರ್ಜಿ ಕನ್ನಡದಲ್ಲೇ ಇತ್ತು, ಆಧಾರ್ ಜೆರಾಕ್ಸ್ ಕೊಟ್ಟೆ, ಆದಾಯ ಪ್ರಮಾಣಪತ್ರ ಕೇಳಲಿಲ್ಲ. ಪ್ಯಾನಲ್ ವಕೀಲರೊಬ್ಬರನ್ನು ಗೊತ್ತು ಮಾಡಿದರು.

ವಕೀಲರು ಮೇಡಂ, ನನಗಿಂತ ಚಿಕ್ಕವರು. ಕತೆ ಹೇಳಲು ಶುರು ಮಾಡಿದೆ. "ಟೀಚರ್, ಕತೆ ಆಮೇಲೆ. ಮೊದಲು ಅಗ್ರಿಮೆಂಟ್ ಕೊಡಿ" ಅಂದರು.

ಅಗ್ರಿಮೆಂಟ್ ಗ್ಯಾಸ್ ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಮಳೆಗಾಲದ ಥಂಡಿಗೆ ಅಂಚು ಸ್ವಲ್ಪ ಮೆತ್ತಗಾಗಿತ್ತು. ಸಹಿ ಮಾಡಿದ ದಿನ ಬಿಟ್ಟರೆ ಅದನ್ನು ಯಾರೂ ಓದಿರಲಿಲ್ಲ ಅನ್ನುವುದು ಮೇಡಂ ಗಟ್ಟಿಯಾಗಿ ಓದಿದಾಗ ಗೊತ್ತಾಯಿತು. ಟೈಪಿಸ್ಟ್ ಯಾವುದೋ ಬೆಂಗಳೂರಿನ ಅಗ್ರಿಮೆಂಟನ್ನು ಹಾಗೇ ಇಳಿಸಿ ಹೆಸರು, ಮೊತ್ತ ಮಾತ್ರ ಬದಲಿಸಿದ್ದ. "ಕಾವೇರಿ ನೀರಿನ ಬಿಲ್ಲನ್ನು ಬಾಡಿಗೆದಾರರೇ ಪಾವತಿಸತಕ್ಕದ್ದು" ಅಂತ ಇತ್ತು. ಕಾರವಾರಕ್ಕೆ ಕಾವೇರಿ! ನಮಗೆ ಬರುವುದು ಹಿತ್ತಿಲ ಬಾವಿಯ ನೀರು. ಮೇಡಂ ನಕ್ಕರು. ಆದರೆ ಅದೇ ಪುಟದ ಕೆಳಗೆ ಇನ್ನೊಂದು ಸಾಲಿತ್ತು: ಯಾರೇ ಮನೆ ಬಿಡಿಸುವುದಿದ್ದರೂ, ಬಿಡುವುದಿದ್ದರೂ, ಎರಡು ತಿಂಗಳ ಮುಂಚಿತ ನೋಟಿಸು ಕೊಡತಕ್ಕದ್ದು. ಅದರ ಕೆಳಗೆ ಅವರು ಪೆನ್ಸಿಲ್‌ನಲ್ಲಿ ಗೆರೆ ಎಳೆದರು.

ಆಮೇಲೆ ಅವರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಬಾಡಿಗೆ ಕಾಯ್ದೆಯಿಂದ ಹೊರಗೆ ಉಳಿದವರೆಲ್ಲ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತಾರೆ. ಅದು 1882ರದ್ದು. ಭಾವ ಕಳಿಸಿದ ಹೊಸ ನಿಯಮ ಇಲ್ಲಿ ಇಲ್ಲ, ಬ್ರಿಟಿಷರ ಕಾಲದ್ದು ಇದೆ. ಹನ್ನೊಂದು ತಿಂಗಳು ಮುಗಿದ ಮೇಲೂ ನಾವು ಅಲ್ಲೇ ಇದ್ದೆವು, ಓನರ್ ಬಾಡಿಗೆ ತೆಗೆದುಕೊಳ್ಳುತ್ತಲೇ ಇದ್ದರು. ಹಾಗಾಗಿ 116ನೇ ಕಲಮಿನ ಪ್ರಕಾರ ಬಾಡಿಗೆ ತಿಂಗಳು ತಿಂಗಳು ತಾನಾಗಿಯೇ ಮುಂದುವರಿದಂತೆ ಲೆಕ್ಕ. ಅಗ್ರಿಮೆಂಟ್ ಮುಗಿದಿದೆ, ನಮಗೇನೂ ಹಕ್ಕಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ. ಇಂಥ ತಿಂಗಳ ಬಾಡಿಗೆಯನ್ನು ಮುಗಿಸಲು 106ನೇ ಕಲಮಿನಲ್ಲಿ 15 ದಿನದ ನೋಟಿಸು ಸಾಕು. ಅದು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲೋ ಕೈಯಲ್ಲೋ ತಲುಪಬೇಕು. ಚಾ ಬೇಡ ಅಂದು ಹೇಳಿ ಹೋದದ್ದು ನೋಟಿಸು ಅಲ್ಲ. ಎರಡು ತಿಂಗಳು ಅಂತ ಅಗ್ರಿಮೆಂಟಿನಲ್ಲೇ ಇರುವುದರಿಂದ, ಹಳೆಯ ಷರತ್ತುಗಳೇ ಮುಂದುವರಿದಿವೆ, 15 ದಿನ ಸಾಲದು ಅಂತ ವಾದ ಮಾಡಬಹುದು.

"ಕಾರಣ ಕೊಡಬೇಕಾ ಅವರು?" ಅಂತ ಕೇಳಿದೆ.

"ಇಲ್ಲ."

ಇದು ನನಗೆ ಅಷ್ಟು ಸುಲಭಕ್ಕೆ ಜೀರ್ಣವಾಗಲಿಲ್ಲ. ಮನೆ ಅವರಿಗೇ ಬೇಕೋ, ಮಂಚ ಅಳೆದವರಿಗೆ ಕೊಡುತ್ತಾರೋ, ಈ ಕಾಯ್ದೆ ಕೇಳುವುದಿಲ್ಲ. ಹಾಗಂತ 16ನೇ ದಿನ ನಮ್ಮ ಸಾಮಾನು ಹೊರಗೆ ಹಾಕುವ ಹಾಗೂ ಇಲ್ಲ. ನಾವು ಬಿಡದಿದ್ದರೆ ಅವರು ದಾವೆ ಹಾಕಬೇಕು, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಪಡೆಯಬೇಕು, ಆಮೇಲೆಯೇ ಖಾಲಿ ಮಾಡಿಸಬಹುದು. ಬೀಗ ಹಾಕಿಯೋ ಜನ ಕರೆಸಿಯೋ ಬಲವಂತದಿಂದ ಹೊರಹಾಕಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಮಿನಲ್ಲಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ವಾಪಸು ಕೇಳಬಹುದು. ಅಲ್ಲಿ ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಕಾನೂನು ಬಿಟ್ಟು ಹೊರಹಾಕಿದ್ದು ಹೌದಾ ಅಲ್ವಾ ಅಷ್ಟೇ.

"ಹಾಗಾದರೆ ಕೋರ್ಟಿಗೆ ಹೋಗಲಿ, ವರ್ಷಗಟ್ಟಲೆ ಇರೋಣ" ಅಂದರು ಯಜಮಾನರು. ಮೇಡಂ ತಲೆ ಅಲ್ಲಾಡಿಸಿದರು. ಸುಮ್ನೆ ಎಳೆದರೆ ಕೊನೆಗೆ ಅಷ್ಟು ತಿಂಗಳಿಗೆ ಪರಿಹಾರ ಕಟ್ಟಿ ಅಂತ ಕೋರ್ಟ್ ಹೇಳಬಹುದು, ಅದು ಹಳೆಯ ಬಾಡಿಗೆ ದರದಲ್ಲೇ ಇರುತ್ತದೆ ಅಂತ ನಂಬಬೇಡಿ ಅಂದರು. "ನಿಮಗೆ ಬೇಕಾಗಿರೋದು ಏಪ್ರಿಲ್ ತನಕ ತಾನೇ? ಅಷ್ಟಕ್ಕೆ ಮಾತಾಡೋಣ. ಬಾಡಿಗೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ನಗದು ಬೇಡ, ಬ್ಯಾಂಕಿಗೇ ಹಾಕಿ."

ಆ ತಿಂಗಳ ಬಾಡಿಗೆ ಹಾಕಿದ ಮೇಲೆ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಪಂಪಿನ ಸ್ವಿಚ್ಚು ಕೆಳಗಿನ ಜಗಲಿಯಲ್ಲಿದೆ, ಓನರ್ ಮನೆಯವರು ದಿನಾ ಬೆಳಿಗ್ಗೆ ಹಾಕುತ್ತಾರೆ. ಕೇಳಿದರೆ "ಮೋಟರ್ ಸುಟ್ಟಿದೆ" ಅಂದರು ಓನರ್ ಹೆಂಡತಿ. ಅವರ ಹಿತ್ತಿಲಲ್ಲಿ ಅದೇ ಹೊತ್ತಿಗೆ ಪೈಪಿನಿಂದ ಮಲ್ಲಿಗೆ ಗಿಡಕ್ಕೆ ನೀರು ಬೀಳುತ್ತಿತ್ತು. ಜಗಳ ಬಾಯಿ ತುದಿಗೆ ಬಂದಿತ್ತು. ಮೇಡಂಗೆ ಫೋನ್ ಮಾಡಿದೆ. ಒಂದು ಸಾದಾ ಮೆಸೇಜ್ ಹಾಕಿ ಅಂದರು. "ಇಂದು ಬೆಳಿಗ್ಗೆಯಿಂದ ಮೇಲಿನ ಮನೆಗೆ ನೀರು ಬಂದಿಲ್ಲ. ದಯವಿಟ್ಟು ಪಂಪ್ ಹಾಕಿಸಿ." ಅಷ್ಟೇ. ಬೈಗುಳ ಬೇಡ, ಕಾಯ್ದೆಯ ಹೆಸರೂ ಬೇಡ. ದಿನ, ಹೊತ್ತು ದಾಖಲಾದರೆ ಸಾಕು.

ಮಾದರಿ ಕಾಯ್ದೆ ಇಲ್ಲಿ ಇದ್ದಿದ್ದರೆ ಅದರ 20ನೇ ಕಲಮು ಇದಕ್ಕೇ ಇರುವುದು. ಬಾಡಿಗೆ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ವಿಚಾರಣೆ ಮುಗಿಯುವ ಮೊದಲೇ ನೀರು ಬಿಡಿಸುವ ಆದೇಶ ಸಿಗುತ್ತದೆ. ನಮ್ಮಲ್ಲಿ ಇರುವುದು 1882ರ ಕಾಯ್ದೆಯ 108ನೇ ಕಲಮಿನ ಒಂದು ಮಾತು. ಬಾಡಿಗೆ ಕೊಟ್ಟು ಷರತ್ತು ಪಾಲಿಸುವವರು ಅವಧಿಯುದ್ದಕ್ಕೂ ಅಡಚಣೆ ಇಲ್ಲದೆ ಮನೆ ಅನುಭವಿಸಬಹುದು ಅಂತ. ಅದನ್ನು ಹಿಡಿದು ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬೇಕು. ಒಂದು ಬಕೆಟ್ ನೀರಿಗೆ ಅಷ್ಟು ದೂರ. ನಾನು ಕೊಡ ಹಿಡಿದು ಬಾವಿಗೆ ಹೋದೆ. ರಸ್ತೆಗೆ ಕಾಣುವ ಬಾವಿ ಅದು. ಓಣಿಯವರೆಲ್ಲ ಒಬ್ಬೊಬ್ಬರಾಗಿ, "ಅಕ್ಕೋರೇ, ಏನಾಯ್ತು, ನೀವು ನೀರು ಸೇದೋದಾ?" ಅಂತ ಕೇಳಿದರು. ಮೋಟರ್ ಸುಟ್ಟಿದೆಯಂತೆ ಅಂತ ಎಲ್ಲರಿಗೂ ನಗುತ್ತಲೇ ಹೇಳಿದೆ. ಸಂಜೆಯೊಳಗೆ ಮೋಟರ್ ಸರಿಯಾಯಿತು. ಯಾವ ಮೆಕ್ಯಾನಿಕ್ಕೂ ಬಂದಿರಲಿಲ್ಲ.

ಮೇಡಂ ಬರೆದ ಪತ್ರ ಮಾತ್ರ ಪೋಸ್ಟಿನಲ್ಲಿ ಹೋಯಿತು. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನಲ್ಲೇ ಸೇರಿಕೊಂಡಿದೆ, ಮುಟ್ಟಿದ್ದಕ್ಕೆ ದಾಖಲೆ ಇಟ್ಟುಕೊಳ್ಳಬಹುದು. ಒಂದೇ ಮನೆಯ ಮಹಡಿಯಿಂದ ನೆಲಮಹಡಿಗೆ ಪೋಸ್ಟ್ ಹಾಕುವುದು ನಗೆಪಾಟಲು ಅನಿಸಿತು. ಜೊತೆಗೆ ಪ್ರಾಧಿಕಾರದಿಂದ ಇಬ್ಬರಿಗೂ ಕರೆ ಬಂತು. ದಾವೆ ಹೂಡುವ ಮೊದಲೇ ಕೂರಿಸಿ ಮಾತಾಡಿಸುವ ವ್ಯವಸ್ಥೆ ಇದೆ. ಅಲ್ಲಿ ಒಪ್ಪಿದ್ದನ್ನು ಲೋಕ ಅದಾಲತ್ತಿನಲ್ಲಿ ದಾಖಲು ಮಾಡಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅಪೀಲು ಇಲ್ಲ, ಕೋರ್ಟ್ ಫೀಯೂ ಇಲ್ಲ.

ಓನರ್ ಸಿಟ್ಟಿನಲ್ಲೇ ಬಂದರು. "ಕೋರ್ಟಿಗೆ ಎಳೆದ್ರಲ್ಲ ಅಕ್ಕೋರೇ" ಅಂತ ಒಂದೇ ಮಾತು. ಆಮೇಲೆ ಸಂಧಾನಕಾರರ ಕಡೆ ತಿರುಗಿ ಅವರು ಹೇಳಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಬಾಡಿಗೆ ಜಾಸ್ತಿ ಸಿಗುವ ಆಸೆ ಒಂದು ಇತ್ತು, ಸರಿ. ಅದರ ಹಿಂದೆ ಒಂದು ಹೆದರಿಕೆ ಇತ್ತು. ಹನ್ನೆರಡು ವರ್ಷ ಕೂತರೆ ಮನೆ ಬಾಡಿಗೆದಾರರದ್ದೇ ಆಗುತ್ತದೆ ಅಂತ ಅವರ ಫೋನಿಗೂ ಯಾರೋ ಕಳಿಸಿದ್ದರು. ಅವರ ಗ್ರೂಪಿನ ಸುದ್ದಿ ಅವರಿಗೆ, ನಮ್ಮ ಗ್ರೂಪಿನದು ನಮಗೆ.

"ಎಪ್ಪತ್ನಾಲ್ಕರಲ್ಲಿ ಅಪ್ಪನ ಗದ್ದೆ ಹೀಗೇ ಹೋಯ್ತು. ಗೇಣಿ ಮಾಡ್ತಿದ್ದವರು ಏಳನೇ ನಂಬರ್ ಫಾರ್ಮ್ ತುಂಬಿದ್ರು, ಅಷ್ಟೇ. ನಮ್ಮ ಕೈಲಿ ಉಳಿದದ್ದು ಈ ಮನೆ ಜಾಗ ಒಂದೇ" ಅಂದರು.

ಕರಾವಳಿಯಲ್ಲಿ ಮನೆ ಬಾಡಿಗೆಗೆ ಕೊಡುವ ಹಳೆಯ ತಲೆಗಳಲ್ಲಿ ಈ ಅಂಜಿಕೆ ಇನ್ನೂ ಇದೆ ಅಂತ ನನಗೆ ಆವತ್ತು ಗೊತ್ತಾದದ್ದು. 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವ ಗೇಣಿದಾರರಿಗೆ ಭೂಮಿ ಕೊಟ್ಟಿತು. ನನ್ನ ಅಜ್ಜ ಅದೇ ಏಳನೇ ನಂಬರ್ ಫಾರ್ಮ್ ತುಂಬಿ ಗದ್ದೆ ಪಡೆದವರು. ನಮ್ಮ ಅಂಕೋಲಾ ಸೀಮೆಯಲ್ಲಿ ದಿನಕರ ದೇಸಾಯಿಯವರು ಗೇಣಿದಾರರನ್ನು ಕಟ್ಟಿಕೊಂಡು ಹೋರಾಡಿದ್ದು, ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದು, ಎಲ್ಲ ಅಜ್ಜ ಹೇಳಿ ಹೇಳಿ ನಮಗೆ ಬಾಯಿಪಾಠ. ಆ ಮೇಜಿನ ಮುಂದೆ ಇದ್ಯಾವುದನ್ನೂ ನಾನು ಹೇಳಲಿಲ್ಲ. ಹೇಳುವ ಹೊತ್ತು ಅದಲ್ಲ.

ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಅದು ಕೃಷಿ ಭೂಮಿಗೆ ಬಂದ ಕಾನೂನು, ವಾಸದ ಮನೆಯ ಬಾಡಿಗೆಗೂ ಅದಕ್ಕೂ ಸಂಬಂಧ ಇಲ್ಲ. ಹನ್ನೆರಡು ವರ್ಷದ ಮಾತು ಬರುವುದು ಮಾಲೀಕನ ಹಕ್ಕನ್ನೇ ಒಪ್ಪದೆ, ಎದುರು ಹಾಕಿಕೊಂಡು ಆಸ್ತಿ ಹಿಡಿದುಕೊಂಡವರಿಗೆ. ಬಾಡಿಗೆದಾರರು ಒಪ್ಪಿಗೆಯ ಮೇಲೆ ಬಂದವರು. ತಿಂಗಳು ತಿಂಗಳು ಬಾಡಿಗೆ ಕೊಡುವುದೇ "ನೀವು ಓನರ್" ಅಂತ ಒಪ್ಪಿಕೊಂಡಂತೆ. ಆಮೇಲೆ ಇದು ನನ್ನದು ಅನ್ನಲು ಸಾಕ್ಷ್ಯದ ಕಾನೂನೇ ಬಿಡುವುದಿಲ್ಲ. "ಅಗ್ರಿಮೆಂಟ್ ಇದ್ರೆ ನಿಮಗೇ ಭದ್ರ ಅಲ್ವಾ? ಇವರು ಬಾಡಿಗೆದಾರರು ಅಂತ ಅದರಲ್ಲೇ ಬರೆದಿರ್ತದೆ" ಅಂದರು. ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲಿನ ಮಾತಿನ ದನಿಯೇ ಬೇರೆ ಇತ್ತು.

ಏಪ್ರಿಲ್ ಕೊನೆಯವರೆಗೆ ಇರಲು ಒಪ್ಪಿದರು. ಜನವರಿಯಿಂದ ಸಾವಿರ ರೂಪಾಯಿ ಜಾಸ್ತಿ ಕೊಡಲು ನಾವು ಒಪ್ಪಿದೆವು. ಅದು ನನಗೆ ಖುಷಿಯ ವಿಷಯವಲ್ಲ. ಆದರೆ ನಡುವರ್ಷ ಮನೆ ಬದಲಿಸುವ ಖರ್ಚು ಲೆಕ್ಕ ಹಾಕಿದರೆ ಇದೇ ಕಮ್ಮಿ. ಕೇಳದೆ ಮನೆ ತೋರಿಸಲು ಯಾರನ್ನೂ ಕರೆತರುವುದಿಲ್ಲ ಅಂತಲೂ ಬರೆಸಿದೆವು.

ಸಿಕ್ಕಿಬಿದ್ದದ್ದು ಡಿಪಾಸಿಟ್‌ನಲ್ಲಿ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತೇನೆ ಅಂದರು. ಪಡುವಣ ಗೋಡೆ ಪೂರ್ತಿ ಬೂಷ್ಟು ಹಿಡಿದಿದೆ, ನೀವೇ ಬೇಕಾದರೆ ಬಂದು ನೋಡಿ ಅಂದರು. ಹಿಡಿದಿರುವುದು ನಿಜ. ಆಷಾಢದಿಂದ ಶುರುವಾದರೆ ಆ ಗೋಡೆಯ ಮೇಲೆ ಮೊದಲು ಹಸಿರು, ಆಮೇಲೆ ಕಪ್ಪು ಚುಕ್ಕೆ, ಕೊನೆಗೆ ಕೈಯಿಟ್ಟರೆ ಬೂದಿಯಂಥ ಪುಡಿ. ಗೋಡೆಗೆ ತಾಗಿಸಿಟ್ಟ ಕಪಾಟಿನ ಬಟ್ಟೆಯೂ ವಾಸನೆ. ಚಿರೆಕಲ್ಲಿನ ಗೋಡೆ, ಹೊರಗಿನ ಗಿಲಾಯಿ ಬಿರುಕು ಬಿಟ್ಟಿದೆ, ಸಮುದ್ರದ ಕಡೆಯಿಂದ ಬೀಸುವ ಮಳೆ ನೇರ ಅದಕ್ಕೇ ಹೊಡೆಯುತ್ತದೆ. ಅದರಲ್ಲಿ ನಮ್ಮದೇನಿದೆ? ನನ್ನ ಫೋನಿನಲ್ಲಿ ಎರಡು ಮಳೆಗಾಲದ ಫೋಟೋ ಇದ್ದವು. ಬಿರುಕಿನ ಫೋಟೋ ಕಳಿಸಿ "ಗಿಲಾಯಿ ಮಾಡಿಸಿ" ಅಂತ ಕೇಳಿದ ಮೆಸೇಜೂ ಇತ್ತು, ಕೆಳಗೆ ಅವರ ಹೆಬ್ಬೆರಳ ಗುರುತೂ ಇತ್ತು. 108ನೇ ಕಲಮಿನಲ್ಲೇ ಇದೆ: ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲಿ ಬಾಡಿಗೆದಾರರು ವಾಪಸು ಕೊಡಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತ ಬಿಟ್ಟು. ಸಂಧಾನಕಾರರೂ ಕರಾವಳಿಯವರೇ. ಫೋಟೋ ನೋಡಿ, "ಇದು ನಮ್ಮನೆ ಗೋಡೆ ಇದ್ದ ಹಾಗೇ ಇದೆ" ಅಂದರು. ಮಗಳು ಬಾಗಿಲ ಮೇಲೆ ಬರೆದ ಗೀಚು, ನಾವು ಹೊಡೆದ ಮೊಳೆಗಳ ತೂತು ಇವಕ್ಕೆ ಎರಡು ಸಾವಿರ ಮುರಿಯುವುದು, ಉಳಿದದ್ದು ಕೀಲಿ ಕೊಟ್ಟ ದಿನವೇ ಕೊಡುವುದು ಅಂತಾಯಿತು. ಲೋಕ ಅದಾಲತ್ತಿನಲ್ಲಿ ಇಬ್ಬರೂ ಸಹಿ ಹಾಕಿದೆವು.

ಏಪ್ರಿಲ್‌ನಲ್ಲಿ ಕೀಲಿ ಕೊಟ್ಟೆವು. ಖಾಲಿ ಮನೆಯ ವೀಡಿಯೋ ಮಾಡಿದೆ, ಹೆಸ್ಕಾಂ ಮೀಟರಿನ ರೀಡಿಂಗ್ ಫೋಟೋ ತೆಗೆದೆ. 48 ಸಾವಿರ ಅದೇ ಸಂಜೆ ಖಾತೆಗೆ ಬಂತು. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರಿಗೆ ನನ್ನ ಆಧಾರ್ ಜೋಡಿಸಿದ್ದನ್ನು ಸೇವಾಸಿಂಧುವಿನಲ್ಲಿ ಬಿಡಿಸಿಕೊಂಡೆ. ಬಾಡಿಗೆದಾರರು ಇದನ್ನು ಮರೆಯಬೇಡಿ, ಹೊಸ ಮನೆಗೆ ಜೋಡಿಸಬೇಕಾದರೆ ಹಳೆಯದು ಬಿಡಬೇಕು.

ಈಗ ಕೋಡಿಬಾಗದಲ್ಲಿದ್ದೇವೆ. ಅಗ್ರಿಮೆಂಟಿಗೆ ಮುಂಚೆ ಮೇಡಂಗೆ ಒಂದು ಪ್ರಶ್ನೆ ಕೇಳಿದ್ದೆ. ಮಾದರಿ ಕಾಯ್ದೆ ಇಲ್ಲಿ ಜಾರಿಗೆ ಬಂದಿಲ್ಲ, ಆದರೆ ಅದರಲ್ಲಿರುವುದನ್ನು ನಾವೇ ಅಗ್ರಿಮೆಂಟಿನಲ್ಲಿ ಬರೆಸಿದರೆ? ಯಾವ ಅಡ್ಡಿಯೂ ಇಲ್ಲ, ಇಬ್ಬರೂ ಒಪ್ಪಿದರೆ ಅದು ಕರಾರು, ಕರಾರಿಗೆ ಬೆಲೆ ಇದೆ ಅಂದರು. ಹಾಗಾಗಿ ರಿಪೇರಿಯ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿದೆ. ಎರಡು ತಿಂಗಳ ನೋಟಿಸು, ಕೀಲಿ ಕೊಟ್ಟ ದಿನವೇ ಡಿಪಾಸಿಟ್ ವಾಪಸು, ಪಂಪಿನ ಸ್ವಿಚ್ಚು ಇಬ್ಬರಿಗೂ ಸಿಗುವ ಜಾಗದಲ್ಲಿ, ಬರುವ ಮುನ್ನ 24 ಗಂಟೆ ಮೊದಲು ತಿಳಿಸುವುದು. ಡಿಪಾಸಿಟ್ ಎರಡು ತಿಂಗಳಿಗೆ ಅವರು ಒಪ್ಪಲಿಲ್ಲ, ನಾಲ್ಕಕ್ಕೆ ನಿಂತಿತು. ಕಾವೇರಿ ನೀರನ್ನು ನಾನೇ ನಿಂತು ತೆಗೆಸಿದೆ. ಹನ್ನೊಂದು ತಿಂಗಳೇ ಇಟ್ಟೆವು. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದಕ್ಕೆ ಹೊಸ ಓನರ್ ತಯಾರಿರಲಿಲ್ಲ. ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೇನೆ.

ಹೊಸ ಓನರ್ ವಯಸ್ಸಾದವರು. ಪ್ರತಿ ಸಾಲನ್ನೂ ಕನ್ನಡಕ ಏರಿಸಿ ಇಳಿಸಿ ಓದಿದರು. 24 ಗಂಟೆಯ ಸಾಲಿಗೆ ಬಂದು ಪೆನ್ನು ಕೆಳಗಿಟ್ಟರು. "ತಂಗಿ, ಮನೆ ಹಿಂದೆ ನನ್ನ ಆರು ತೆಂಗಿನಮರ ಇವೆ. ಕಾಯಿ ಕೊಯ್ಯೋಕೆ ಬರೋದಕ್ಕೂ ನಿಂಗೆ ನೋಟಿಸ್ ಕೊಡ್ಬೇಕಾ?" ಕೊಯ್ಯುವವನು ಯಾವತ್ತು ಸಿಗುತ್ತಾನೆ ಅಂತ ಅವರಿಗೇ ಗೊತ್ತಿರುವುದಿಲ್ಲ, ಅದು ನ್ಯಾಯವೇ. ಟೈಪಿಸ್ಟ್‌ಗೆ ಹೇಳಿ ಒಂದು ಸಾಲು ಸೇರಿಸಿದೆವು: "ತೆಂಗಿನಕಾಯಿ ಕೊಯ್ಲಿನ ಸಲುವಾಗಿ ಹಿತ್ತಿಲಿಗೆ ಬರುವುದನ್ನು ಹೊರತುಪಡಿಸಿ." ಆಮೇಲೆ ಸಹಿ ಹಾಕಿದರು.